ಕಂಡವರ ಚೀಟಿ

ಕ್ರಿ.ಶ. 2061ರ ಹೊತ್ತಿಗೆ ನಮ್ಮ ಕಡೆ ವಾದ ಮಾಡುವವರೇ ಕಡಿಮೆಯಾಗಿದ್ದರು. ಜನ ಸಾಧುಗಳಾಗಿಬಿಟ್ಟಿದ್ದರು ಎಂದು ತಿಳಿಯಬೇಡಿ. ವಾದಕ್ಕೆ ಅನುಮಾನ ಬೇಕಲ್ಲ, ಅದೇ ಉಳಿದಿರಲಿಲ್ಲ. ಚಹಾದಂಗಡಿಯಲ್ಲಿ ಕೂತ ಒಬ್ಬ, ಬೆಲ್ಲ ತಿಂದರೆ ರಕ್ತ ಹೆಚ್ಚುತ್ತದೆ ಎಂದರೆ ಪಕ್ಕದವನು ಸುಮ್ಮನೆ ಕಿಸೆಯಿಂದ ಒಂದು ಬಿಲ್ಲೆ ತೆಗೆದು ಅವನ ಬಾಯಿಯ ಹತ್ತಿರ ಹಿಡಿಯುತ್ತಿದ್ದ. ಹಸಿರು ದೀಪ ಹತ್ತಿದರೆ ಮಾತಿಗೆ ಬೇರಿದೆ, ಕೆಂಪು ಹತ್ತಿದರೆ ಇಲ್ಲ. ಮುಗಿಯಿತು. ಕನ್ಯೆ ನೋಡಲು ಬಂದವರು ಬಿಲ್ಲೆಯನ್ನು ತಾಂಬೂಲದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡೇ ಮಾತಿಗೆ ಕೂಡುತ್ತಿದ್ದರು. ಒಬ್ಬ ಮಂತ್ರಿಯಂತೂ ಭಾಷಣದ ನಡುವೆ ಎದುರಿನ ನೂರಾರು ಕೈಗಳಲ್ಲಿ ಕೆಂಪು ದೀಪ ಹತ್ತಿದ್ದು ಕಂಡು, ಒಂದು ಲೋಟ ನೀರು ಕುಡಿದು, ಹಾರ ಹಾಕಿಸಿಕೊಳ್ಳದೆ ಇಳಿದು ಹೋಗಿದ್ದ.

ಈ ಬಿಲ್ಲೆಗಳೆಲ್ಲ ಕೇಳುತ್ತಿದ್ದದ್ದು ಒಂದೇ ಯಂತ್ರವನ್ನು. ಅದರ ಹೆಸರು ತಾಯಿಬೇರು. ಬೆಣ್ಣಿಹಳ್ಳದ ದಂಡೆಯ ಎರೆಭೂಮಿಯಲ್ಲಿ, ಬೆಣ್ಣಿಹಳ್ಳ ವಿಶ್ವವಿದ್ಯಾಲಯದ ಗ್ರಂಥಾಲಯದ ಎರಡನೆಯ ಮಹಡಿಯಲ್ಲಿ, ಮೊದಲು ಹಳೆಯ ದಿನಪತ್ರಿಕೆಗಳನ್ನು ಇಡುತ್ತಿದ್ದ ಕೋಣೆಯಲ್ಲಿ ಅದು ನಾಲ್ಕು ಕಪಾಟಿನಷ್ಟು ಜಾಗ ಹಿಡಿದು ಗುಂಯ್ ಎನ್ನುತ್ತ ನಿಂತಿತ್ತು. ಅದನ್ನು ಕಟ್ಟಿದವಳು ಗ್ರಂಥಾಲಯದ ನಿರ್ದೇಶಕಿ ಡಾ. ಗುರುದೇವಿ ಹುಲ್ಲೂರ. ಐವತ್ತೇಳು ವಯಸ್ಸು, ಕಡಿಮೆ ಮಾತು, ಒಂದು ತಪ್ಪು ಅಲ್ಪವಿರಾಮ ಕಂಡರೂ ಹುಬ್ಬು ಗಂಟಿಕ್ಕುವ ಹೆಂಗಸು.

ಯಂತ್ರದ ಗುಟ್ಟು ಹೇಳಲು ಸುಲಭ. ಪರೀಕ್ಷೆಯಲ್ಲಿ ನಕಲು ಹೊಡೆದದ್ದನ್ನು ಸಾಲೆಯ ಮಾಸ್ತರು ಹೇಗೆ ಹಿಡಿಯುತ್ತಾರೆ? ಇಬ್ಬರ ಸರಿಯುತ್ತರ ಒಂದೇ ಇದ್ದರೆ ಏನೂ ತಿಳಿಯುವುದಿಲ್ಲ. ಇಬ್ಬರ ತಪ್ಪೂ ಒಂದೇ ಇದ್ದರೆ, ಒಬ್ಬ ಇನ್ನೊಬ್ಬನ ಹಾಳೆ ನೋಡಿದ್ದಾನೆ. ಹಳೆಯ ಓಲೆಗರಿಗಳನ್ನು ಹೋಲಿಸಿ, ಯಾವುದು ಯಾವುದರ ಪ್ರತಿ ಎಂದು ಹೇಳುವ ಪಂಡಿತರಿಗೂ ಇದೇ ಉಪಾಯ ಗೊತ್ತಿತ್ತು. ಗುರುದೇವಿ ಅದನ್ನು ಜಗತ್ತಿನ ಬರಹಕ್ಕೆಲ್ಲ ಹಚ್ಚಿದಳು. ಒಂದು ಮಾತು ಕೊಟ್ಟರೆ ತಾಯಿಬೇರು ಅದು ಬಂದ ದಾರಿಯನ್ನು ಹಿಂದಕ್ಕೆ ತುಳಿಯುತ್ತ, ಯಾರು ಯಾರದನ್ನು ನೋಡಿ ಬರೆದರು ಎಂದು ಕವಲು ಹಿಡಿದು ಇಳಿದು, ಮೊದಲು ಬರೆದ ಹಾಳೆಯ ಮುಂದೆ ನಿಲ್ಲುತ್ತಿತ್ತು. ಆ ಹಾಳೆಯಲ್ಲಿ ಅಳತೆ, ಸ್ಥಳ, ತಾರೀಖು, ವಿಧಾನ ಎಲ್ಲ ಇದ್ದರೆ ಹಸಿರು. ಬರೀ ಗಾಳಿಮಾತಾದರೆ ಕೆಂಪು. ಎರಡು ದಶಕ ಸುಳ್ಳುಸುದ್ದಿಯ ಕೆಸರಿನಲ್ಲಿ ಹೂತುಹೋಗಿದ್ದ ಜನ ಗುರುದೇವಿಯನ್ನು ಹೊತ್ತು ಮೆರೆಸಿದರು. ತಪ್ಪೇನೂ ಇರಲಿಲ್ಲ, ಯಂತ್ರ ನಿಜವಾಗಿಯೂ ಲಕ್ಷಾಂತರ ಸುಳ್ಳುಗಳನ್ನು ಹಿಡಿದಿತ್ತು.

ಸರಕಾರ ಒಂದು ಹೆಜ್ಜೆ ಮುಂದೆ ಹೋಯಿತು. ಹಸಿರು ಹತ್ತಿದ್ದನ್ನು ಮತ್ತೆ ಯಾಕೆ ಅಳೆಯಬೇಕು? ಅಳೆದ ನೀರು, ಅಳೆದ ಮಣ್ಣು, ಪರೀಕ್ಷಿಸಿದ ಔಷಧ, ಇವುಗಳಿಗೆ ಮರುಪರೀಕ್ಷೆ ಬೇಕಿಲ್ಲ ಎಂದು ರಾಜ್ಯದಲ್ಲಿ ನಿಯಮವಾಯಿತು. ಈಗ ಅದನ್ನೇ ದೇಶಕ್ಕೆಲ್ಲ ಅನ್ವಯಿಸುವ ಮಾತು ನಡೆದಿತ್ತು. ಬರುವ ಬುಧವಾರ ಗುರುದೇವಿ ಕೇಂದ್ರ ಸಮಿತಿಯ ಮುಂದೆ, ‘ಯಂತ್ರ ನಂಬಿಕೆಗೆ ಅರ್ಹ’ ಎಂದು ಹೇಳಿಕೆ ಕೊಡಬೇಕಿತ್ತು.

ಇದರ ನಡುವೆ ಗ್ರಂಥಾಲಯದ ಒಂದು ಹಳೆಯ ಪದ್ಧತಿ ಸದ್ದಿಲ್ಲದೆ ಸತ್ತುಹೋಗಿತ್ತು. ಗುರುದೇವಿಗಿಂತ ಮೊದಲು ಇಲ್ಲಿ ಗ್ರಂಥಪಾಲಕರಾಗಿದ್ದವರು ಪಂಚಾಕ್ಷರಿ ಮಾಸ್ತರು. ವಿಶ್ವವಿದ್ಯಾಲಯ ಬರೀ ವಿದ್ಯಾರ್ಥಿಗಳ ಸೊತ್ತಲ್ಲ ಎಂದು ಜಗಳಾಡಿ, ಸುತ್ತಲಿನ ಹಳ್ಳಿಯವರಿಗೆಲ್ಲ ‘ಊರವರ ಕಾರ್ಡು’ ಕೊಡಿಸಿದವರು ಅವರು. ಕಮ್ಮಾರ, ಕಂಡಕ್ಟರ್, ಸೂಲಗಿತ್ತಿ ಎಲ್ಲರೂ ಬರುತ್ತಿದ್ದರು. ರವಿವಾರ ಮಾಸ್ತರು ಅವರನ್ನು ಕೂಡಿಸಿಕೊಂಡು, ಓದಿದ ಮಾತನ್ನು ತೂಗಿ ನೋಡುವುದು ಹೇಗೆಂದು ಪಾಠ ಹೇಳುತ್ತಿದ್ದರು. ಪ್ರತಿ ಪುಸ್ತಕದ ಕೊನೆಗೆ ಅವರು ಒಂದು ಚೀಟಿ ಅಂಟಿಸಿದ್ದರು. ಯಾವುದೋ ಸಂಗತಿ ನಿಜವೋ ಎಂದು ಮೂಲ ಹುಡುಕಿಕೊಂಡು ಬಂದವರು ಆ ಪುಟವನ್ನು ಸ್ವತಃ ತೆರೆದು ನೋಡಿ, ಚೀಟಿಯ ಮೇಲೆ ‘ಕಂಡೆ’ ಎಂದು ಬರೆದು ಸಹಿ ಹಾಕಿ ತಾರೀಖು ಬರೆಯಬೇಕು. ಅದಕ್ಕೆ ಕಂಡವರ ಚೀಟಿ ಎಂದು ಹೆಸರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಬಾಯಲ್ಲಿ ಹೇಳಿದರೆ ಸಾಲದು, ಕೈಯಲ್ಲಿ ಮಾಡಿಸಬೇಕು ಎನ್ನುತ್ತಿದ್ದರು ಮಾಸ್ತರು. ಅವರು ತೀರಿಕೊಂಡು ಹದಿಮೂರು ವರ್ಷ. ತಾಯಿಬೇರು ಬಂದು ಹನ್ನೊಂದು ವರ್ಷ. ಆ ಹನ್ನೊಂದು ವರ್ಷಗಳಲ್ಲಿ ಯಾವ ಚೀಟಿಯ ಮೇಲೂ ಹೊಸ ಸಹಿ ಬಿದ್ದಿರಲಿಲ್ಲ.

ಸಮಿತಿಯ ಸಭೆಗೆ ಮೂರು ದಿನವಿದ್ದಾಗ, ರವಿವಾರ ಬೆಳಿಗ್ಗೆ, ಗುರುದೇವಿ ತನ್ನ ಹೇಳಿಕೆ ತಿದ್ದುತ್ತ ಕೂತಿದ್ದಳು. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಅರವತ್ತು ದಾಟಿದ ವಯಸ್ಸು, ತಲೆಯ ಮೇಲೆ ಸೆರಗು, ಕೈಯಲ್ಲಿ ಅಂಚು ಸವೆದ ಊರವರ ಕಾರ್ಡು.

"ಅಕ್ಕೋರ, ಒಳಗ ಬರಲ್ಯಾ? ನಾನು ಹುಸೇನಬಿ ನದಾಫ ಅಂತ್ರಿ, ಕರಿಮಡ್ಡಿಯಾಕಿ. ಸಾಲಿಯೊಳಗ ಬಿಸಿಯೂಟದ ಅಡಗಿ ಮಾಡ್ತಿದ್ದೆ, ಹ್ವಾದ ವರ್ಷ ಬಿಟ್ಟೆ."

ಕರಿಮಡ್ಡಿ ಎಂಬ ಹೆಸರು ಗುರುದೇವಿಗೆ ಎಲ್ಲೋ ಕೇಳಿದಂತಿತ್ತು. ಎಲ್ಲಿ ಎಂದು ನೆನಪಾಗಲಿಲ್ಲ. "ಬರ್ರಿ, ಕೂಡ್ರಿ. ಏನಾಗಬೇಕಾಗಿತ್ತು?"

ಹುಸೇನಬಿ ಕೂತಳು. "ನಿಮ್ಮ ಬಿಲ್ಲಿ ನಮ್ಮೂರ ನೀರಿಗೆ ಹಸಿರು ತೋರಸ್ತೈತ್ರಿ. ನಮ್ಮೂರ ಹುಡುಗ್ರ ಹಲ್ಲು ಕಂದು ತೋರಸ್ತಾವು. ನಾ ಯಾರ್ನ ನಂಬ್ಲಿ?"

ಗುರುದೇವಿಗೆ ನಗು ಬಂತು, ಆದರೆ ಎದುರಿನ ಮುಖದಲ್ಲಿ ನಗುವಿರಲಿಲ್ಲ. ಹುಸೇನಬಿ ಮೊದಲಿಂದ ಹೇಳಿದಳು. ಆರು ವರ್ಷದ ಹಿಂದೆ ಕಾಲುವೆಯ ನೀರು ಕಡಿಮೆಯಾದಾಗ ಊರ ಹಳೆಯ ಬೋರನ್ನು ಮತ್ತೆ ಚಾಲು ಮಾಡಿದ್ದರು. ದಾಖಲೆಯಲ್ಲಿ ಅದು ಕುಡಿಯಲು ಯೋಗ್ಯವಾದ ನೀರು.

"ಆ ನೀರಾಗ ಬ್ಯಾಳಿ ಭಾಳ ಲಗೂ ಬೇಯತೈತ್ರಿ. ಛಲೋ ನೀರು ಬಂತಪಾ, ಗ್ಯಾಸ್ ಉಳೀತು ಅಂತ ನಾವೆಲ್ಲಾ ಹಿಗ್ಗಿದ್ವಿ. ಅನ್ನ ಮಾತ್ರ ಹಳದಿ ಬರ್ತಿತ್ತು. ಯಾಕ ಹಳದಿ ಅಂತ ನಾನs ಕೇಳ್ಲಿಲ್ಲ ನೋಡ್ರಿ. ಮೂವತ್ತು ವರ್ಷ ಅಡಗಿ ಮಾಡಿದಾಕಿ ಕೇಳಬೇಕಾಗಿತ್ತು. ಅದು ನಂದs ತಪ್ಪು." ಅವಳು ಕೈಯಲ್ಲಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟಳು. "ಆಮ್ಯಾಲೆ ಊಟಕ್ಕ ಕುಂತ ಹುಡುಗ್ರು ನಕ್ಕಾಗ ಹಲ್ಲು ಕಾಣ್ತಾವಲ್ಲ, ಒಬ್ಬೊಬ್ಬರ ಹಲ್ಲಿನ ಮ್ಯಾಲೂ ಕಂದು ಗೆರಿ. ನನ್ನ ಮೊಮ್ಮಗಳು ಮುಬೀನಾಗ ಒಂಬತ್ತು ವರ್ಷ. ಈಗ ನಡ್ಯಾಕತ್ತಿದ್ರ ಮೊಣಕಾಲಿಗೆ ಮೊಣಕಾಲು ಬಡೀತಾವು. ಓಡಾಕ ಹೋದ್ರ ಬೀಳತಾಳ."

ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚಾದರೆ ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ, ಬೆಳೆಯುವ ಮೂಳೆ ಸೊಟ್ಟಾಗುತ್ತದೆ; ಅಂಥ ನೀರು ಬಹುಮಟ್ಟಿಗೆ ಕ್ಷಾರದ್ದಾಗಿರುವುದರಿಂದ ಬೇಳೆ ಬೇಗ ಬೇಯುತ್ತದೆ, ಅನ್ನ ಹಳದಿಯಾಗುತ್ತದೆ. ಗುರುದೇವಿಗೆ ಇದು ಚೆನ್ನಾಗಿ ಗೊತ್ತಿತ್ತು. ಗ್ರಂಥಾಲಯ ಶಾಸ್ತ್ರಕ್ಕೆ ಬರುವ ಮೊದಲು ಅವಳು ಓದಿದ್ದು ಪರಿಸರ ವಿಜ್ಞಾನ.

"ಪರೀಕ್ಷಾ ಮಾಡಸ್ರಲ್ಲ ಮತ್ತ?"

"ಮೂರು ಅರ್ಜಿ ಕೊಟ್ಟೀನ್ರಿ. ಹಸಿರು ದಾಖಲೆ ಐತಿ, ಮರುಪರೀಕ್ಷೆ ಬೇಕಿಲ್ಲ ಅಂತ ಮೂರೂ ತಿರುಗಿ ಬಂದಾವು. ಸಾಲಿ ಮಾಸ್ತರು ಬಣ್ಣದ ಪಟ್ಟಿ ನೀರಾಗ ಅದ್ದಿ ನೋಡಿ, ಭಾಳ ಕೆಟ್ಟದ್ದೈತಿ ಅಂದ್ರು. ಅದನ್ನ ಬಿಲ್ಲಿಗೆ ಹೇಳಿದ್ರ ಕೆಂಪು ಹತ್ತಿತು. ಒಬ್ಬರ ಮಾತು, ಬೇರಿಲ್ಲ ಅಂತು. ಅಂಗೈ ಹುಣ್ಣಿಗೆ ಕನ್ನಡಿ ಯಾಕಂತಾರ, ನಿಮ್ಮ ಕಾಲದಾಗ ಅಂಗೈ ತೋರಿಸಿದ್ರೂ ಕನ್ನಡಿನ್ನs ಕೇಳ್ತಾರಲ್ಲರೀ ಅಕ್ಕೋರ."

ಗುರುದೇವಿಗೆ ಸ್ವಲ್ಪ ಸಿಟ್ಟು ಬಂತು. ತನ್ನ ಯಂತ್ರವನ್ನು ಎದುರಿಗೇ ಆಡಿಕೊಂಡರೆ ಯಾರಿಗೆ ಬರುವುದಿಲ್ಲ? "ತಾಯಿಬೇರು ಸುಳ್ಳು ಹೇಳೂದಿಲ್ಲ ಹುಸೇನಬೀ. ಇರೋ ಬೇರನ್ನ ತೋರಸ್ತದ, ಅಷ್ಟ."

"ಹಂಗಾರ ನಂಗೂ ತೋರಸ್ರಿ," ಎಂದಳು ಹುಸೇನಬಿ. "ಪಂಚಾಕ್ಷರಿ ಮಾಸ್ತರ ರವಿವಾರದ ಪಾಠಕ್ಕ ನಾ ನಾಕು ವರ್ಷ ಬಂದೀನ್ರಿ. ಯಾರು ಹೇಳಿದ್ರು, ಅವರಿಗೆ ಹೆಂಗ ಗೊತ್ತಾತು, ಆಮ್ಯಾಲೆ ಯಾರರ ಹೋಗಿ ನೋಡಿದ್ರನು? ಇಷ್ಟು ಕೇಳದs ಯಾವ ಮಾತನ್ನೂ ಮನಿಗೆ ಒಯ್ಯಬ್ಯಾಡ ಅಂತಿದ್ರು. ಮೊದಲನೇದ್ದು ನಿಮ್ಮ ಯಂತ್ರ ಹೇಳ್ಲಿ. ಉಳಿದದ್ದು ನಾ ಕಣ್ಣೀಲೆ ನೋಡ್ತೀನಿ. ನೋಡಿ, ಚೀಟಿ ಮ್ಯಾಲೆ ಸಹಿ ಮಾಡಿ ಹೋಗ್ತೀನಿ."

ಇದಕ್ಕೆ ಇಲ್ಲ ಎನ್ನಲು ಬರುವಂತಿರಲಿಲ್ಲ. ಗುರುದೇವಿ ಯಂತ್ರವನ್ನು ಕೇಳಿದಳು. ಕರಿಮಡ್ಡಿಯ ಬೋರಿನ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 0.84 ಮಿಲಿಗ್ರಾಂ, ಅಪಾಯವಿಲ್ಲ. 412 ದಾಖಲೆಗಳು ಹೀಗೆ ಹೇಳುತ್ತವೆ. ಬೇರು ಜಿಲ್ಲಾ ಅಂತರ್ಜಲ ವರದಿ, 2028, ಪುಟ 61 ಎಂದು ಅದು ತಣ್ಣಗೆ ಉತ್ತರ ಕೊಟ್ಟಿತು.

"ನೋಡಿದ್ರ್ಯಾ? ನಾಕುನೂರಾ ಹನ್ನೆರಡು."

"ನಾಕುನೂರಾ ಹನ್ನೆರಡು ಮಂದಿ ನಮ್ಮೂರಿಗೆ ಬಂದಿದ್ರ ನಾ ಅಷ್ಟೂ ಮಂದೀಗೂ ಚಾ ಮಾಡಿರ್ತಿದ್ದೆ. ನಡೀರಿ, ಪುಸ್ತಕ ತೋರಸ್ರಿ."

ಇಬ್ಬರೂ ನೆಲಮಾಳಿಗೆಗೆ ಇಳಿದರು. ಗುರುದೇವಿ ಅಲ್ಲಿಗೆ ಬಂದು ಎಷ್ಟೋ ವರ್ಷವಾಗಿತ್ತು. ದೀಪಗಳು ಒಂದೊಂದಾಗಿ ಹತ್ತಿದವು. ಹಳೆಯ ಕಾಗದದ ವಾಸನೆಗೆ ಹುಸೇನಬಿ ಎರಡು ಸಲ ಸೀನಿದಳು. ವರದಿ ಸಿಕ್ಕಿತು, ಪುಟ 61 ಸಿಕ್ಕಿತು, 0.84 ಇತ್ತು. ಗುರುದೇವಿ ಪುಸ್ತಕ ಮುಚ್ಚುವುದರಲ್ಲಿದ್ದಳು, ಹುಸೇನಬಿ ಪುಟದ ಬುಡಕ್ಕೆ ಬೆರಳಿಟ್ಟಳು. ಅಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ. ಕರಿಮಡ್ಡಿ, ಹೊನಗುಡಿ ಮತ್ತು ಸುತ್ತಲಿನ ಎಂಟು ಹಳ್ಳಿಗಳ ಅಂಕಿಗಳನ್ನು ಒಂದು ವಿದ್ಯಾರ್ಥಿ ಕಿರುಪ್ರಬಂಧದಿಂದ ತೆಗೆದುಕೊಂಡಿದೆ, ಬೆಣ್ಣಿಹಳ್ಳ ವಿಶ್ವವಿದ್ಯಾಲಯ ಗ್ರಂಥಾಲಯ, ದಾಖಲೆ ಸಂಖ್ಯೆ 3307.

ಹೊನಗುಡಿಯ ಹೆಸರು ಓದುತ್ತಲೇ ಗುರುದೇವಿ ಆ ಸಾಲನ್ನು ಮತ್ತೊಮ್ಮೆ ಓದಿದಳು. ಯಾಕೆ ಎಂದು ಇನ್ನೂ ಪೂರ್ತಿ ಗೊತ್ತಿರಲಿಲ್ಲ. ವಿದ್ಯಾರ್ಥಿ ಪ್ರಬಂಧಗಳನ್ನು ತಾಯಿಬೇರಿಗೆ ಓದಿಸಿರಲಿಲ್ಲ, ಅದಕ್ಕೇ ಅದು ವರದಿಯನ್ನೇ ಬೇರೆಂದು ತಿಳಿದು ನಿಂತಿತ್ತು. ಅವನ್ನು ಯಾರು ಓದುತ್ತಾರೆ, ಸರಕಾರಿ ವರದಿ ಇದ್ದರೆ ಸಾಕು ಎಂದು ಹನ್ನೊಂದು ವರ್ಷದ ಹಿಂದೆ ತೀರ್ಮಾನಿಸಿದವಳು ಅವಳೇ.

ಕೊನೆಯ ಸಾಲಿನ ಕೆಳಗಿನ ಹಲಗೆಯಲ್ಲಿ 3307 ಇತ್ತು. ಕುಂಕುಮ ಬಣ್ಣದ ರೆಕ್ಸಿನ್ ರಟ್ಟು, ಬಂಗಾರದ ಅಕ್ಷರ. ಹುಸೇನಬಿ ಸೆರಗಿನಿಂದ ಧೂಳು ಒರೆಸಿ, ಮೊದಲ ಪುಟ ತೆರೆದು, ಬೆರಳು ಹಿಡಿದು ಓದಿದಳು. "ಸಲ್ಲಿಸಿದವರು... ಕುಮಾರಿ... ಗುರುದೇವಿ... ಹುಲ್ಲೂರ. ಯವ್ವಾ! ಇದು ನೀವs ಏನ್ರಿ?"

ಗುರುದೇವಿ ಹೌದೆಂದು ತಲೆಯಾಡಿಸಿದಳು. ಹುಸೇನಬಿಯ ಮುಖ ಅರಳಿಹೋಯಿತು.

"ನೀವು ನಮ್ಮೂರಿಗೆ ಬಂದಿದ್ರ್ಯಾ ಅಕ್ಕೋರ! ಅಲ್ಲಾ, ಮೊದಲs ಹೇಳಬಾರದ? ಎರಡು ಸಾವಿರದಾ ಇಪ್ಪತ್ತಾರು. ಆಗ ನಂಗ ಇಪ್ಪತ್ತಾರು ವರ್ಷ. ಬೋರು ನಮ್ಮ ಮನಿ ಎದುರಿಗೇ ಐತಿ. ನೀರು ತುಂಬಾಕ ಬಂದವ್ರಿಗೆಲ್ಲಾ ಬಾಟ್ಲಿ ತೊಳದು ಕೊಡಾಕಿ ನಾನs. ನಿಮಗೂ ಕೊಟ್ಟಿರಬೇಕು ನೋಡ್ರಿ! ಚಾ ಕುಡದಿದ್ರ್ಯಾ? ನೆನಪೈತ್ಯಾ?"

ನೆನಪಿತ್ತು. ಎಲ್ಲವೂ ಈಗ ಒಮ್ಮೆಲೇ ನೆನಪಾಯಿತು. ಹತ್ತು ಹಳ್ಳಿ, ಹತ್ತು ಬಾಟ್ಲಿ. ಒಂಬತ್ತು ತುಂಬಿದ್ದವು. ಹತ್ತನೆಯ ಹಳ್ಳಿ ಕರಿಮಡ್ಡಿ. ಆ ದಿನ ಬೆಣ್ಣಿಹಳ್ಳ ಬಂದು ರಸ್ತೆಯ ಮೇಲೆ ಹರಿಯುತ್ತಿತ್ತು. ಬಸ್ಸು ಹಳ್ಳದ ಈಚೆಗೇ ತಿರುಗಿತು. ಪ್ರಬಂಧ ಸೋಮವಾರ ಸಲ್ಲಿಸಬೇಕಿತ್ತು. ಇಪ್ಪತ್ತೆರಡು ವಯಸ್ಸಿನ ಗುರುದೇವಿ ಹಾಸ್ಟೆಲ್ಲಿನ ಮಂಚದ ಮೇಲೆ ಕೂತು ಪಕ್ಕದ ಹೊನಗುಡಿಯ ಸಾಲನ್ನು ನೋಡಿ ಕರಿಮಡ್ಡಿಯ ಸಾಲನ್ನು ತುಂಬಿದಳು. ಹೊನಗುಡಿಯದು 0.82. ಕರಿಮಡ್ಡಿಗೆ 0.84 ಎಂದು ಬರೆದಳು. ಏಳು ಕಾಲಮ್ಮುಗಳಲ್ಲೂ ಕೊನೆಯ ಅಂಕಿ ಮಾತ್ರ ಬದಲಿಸಿದಳು, ನಕಲು ಎಂದು ಗೊತ್ತಾಗದಿರಲಿ ಎಂದು. ನಕಲು ಹಿಡಿಯುವ ಜಗತ್ತಿನ ಅತಿದೊಡ್ಡ ಯಂತ್ರ ಕಟ್ಟಿದವಳಿಗೆ ನಕಲು ಮರೆಸುವ ವಿದ್ಯೆ ಮೊದಲೇ ಬರುತ್ತಿತ್ತು. ಮಾರ್ಗದರ್ಶಕರು ನೋಡದೆ ಸಹಿ ಹಾಕಿದರು. ಒಂದು ವಾರ ಅಳುಕಿತ್ತು. ವಿದ್ಯಾರ್ಥಿಯ ಪ್ರಬಂಧ ಯಾರು ಓದುತ್ತಾರೆ ಎಂದುಕೊಂಡ ಮೇಲೆ ಅಳುಕು ಹೋಯಿತು.

"ನೆನಪಿಲ್ಲ," ಎಂದಳು ಗುರುದೇವಿ.

ಹುಸೇನಬಿ ಪುಸ್ತಕವನ್ನು ಹಿಂದಿನಿಂದ ತೆರೆದಳು. ಪಂಚಾಕ್ಷರಿ ಮಾಸ್ತರು ಅಂಟಿಸಿದ ಚೀಟಿ ಅಲ್ಲಿತ್ತು. ಹಳದಿಯಾಗಿತ್ತು, ಪೂರ್ತಿ ಖಾಲಿಯಿತ್ತು. ಮೂವತ್ತೈದು ವರ್ಷದಲ್ಲಿ ಒಂದು ಸಹಿಯೂ ಇರಲಿಲ್ಲ. ಜಿಲ್ಲಾ ವರದಿ ಬರೆದವರು ಗ್ರಂಥಾಲಯದಿಂದ ತರಿಸಿಕೊಂಡ ಪಟ್ಟಿಯ ಪ್ರತಿಯನ್ನಷ್ಟೇ ನೋಡಿದ್ದರು. ಅವರನ್ನು ನೋಡಿ ಇನ್ನೊಬ್ಬರು, ಇನ್ನೊಬ್ಬರನ್ನು ನೋಡಿ ಮತ್ತೊಬ್ಬರು, ಮುಂದೆ ತಾವೇ ವಾಕ್ಯ ಕಟ್ಟಿ ಬರೆಯುವ ಯಂತ್ರಗಳು.

"ಯಾರೂ ನೋಡೇ ಇಲ್ಲಲ್ರಿ ಇದನ್ನ!" ಹುಸೇನಬಿ ಪೆನ್ನು ಕೇಳಿ ಇಸಿದುಕೊಂಡು, ದಪ್ಪ ಅಕ್ಷರದಲ್ಲಿ ‘ಕಂಡೆ. ಹುಸೇನಬಿ ನದಾಫ’ ಎಂದು ಬರೆದು ತಾರೀಖು ಹಾಕಿದಳು. "ನೀವs ಅಳದೀರಿ ಅಂದ್ರ ಆಗ ನೀರು ಛಲೋನs ಇರಬೇಕು ಬಿಡ್ರಿ. ಆಮ್ಯಾಲೆ ಕೆಟ್ಟೈತಿ. ಇನ್ನೊಮ್ಮೆ ಅಳೀರಿ ಅಂತ ನೀವು ಒಂದು ಮಾತು ಬರದು ಕೊಟ್ರ ಸಾಕು. ನಿಮ್ಮ ಮಾತು ಯಾರು ತಗದು ಹಾಕ್ತಾರ?"

ಆ ನಂಬಿಕೆಯ ಮುಂದೆ ಗುರುದೇವಿಗೆ ನಿಲ್ಲಲಾಗಲಿಲ್ಲ. ನಾಳೆ ನಾನೇ ಬರುತ್ತೇನೆ ಎಂದು ಹೇಳಿ ಕಳಿಸಿದಳು.

ಮಧ್ಯಾಹ್ನ ಕುಲಪತಿ ಮಮದಾಪುರ ಅವರು ಸಮಿತಿಯ ತಯಾರಿ ಕೇಳಲು ಬಂದರು. ಗುರುದೇವಿ ಎಲ್ಲವನ್ನೂ ಹೇಳಿಬಿಟ್ಟಳು. ಅವರು ಕೆಟ್ಟ ಮನುಷ್ಯರಲ್ಲ. ಸ್ವಲ್ಪ ಹೊತ್ತು ಗಲ್ಲ ಉಜ್ಜಿಕೊಂಡರು.

"ಆ ಊರಿನ ನೀರು ನಾಳೇನೇ ಪರೀಕ್ಷಾ ಮಾಡಸೋಣ. ಶುದ್ಧ ನೀರಿನ ಘಟಕ ಹಾಕಸೋಣ. ಬ್ಯಾರೇ ಕಾರಣ ಬರದರಾತು. ಮಕ್ಕಳಿಗೆ ಬೇಕಾದ್ದು ನೀರು, ನಿಮ್ಮ ತಪ್ಪೊಪ್ಪಿಗಿ ಅಲ್ಲ. ಎಲ್ಲಾರ ಮನೀ ದ್ವಾಸಿನೂ ತೂತs ಹುಲ್ಲೂರ ಅವರ. ಇಪ್ಪತ್ತೆರಡು ವರ್ಷದ ಹುಡುಗಿ ಮಾಡಿದ್ದಕ್ಕ ದೇಶದ ಯಂತ್ರ ನಿಲ್ಲಸ್ತೀರೇನು?"

ಮಾತು ಸರಿಯಾಗಿಯೇ ಇತ್ತು, ಅದೇ ತೊಂದರೆ. ನೀರು ಸಿಗುತ್ತದೆ, ಯಂತ್ರ ಉಳಿಯುತ್ತದೆ, ಹೆಸರು ಉಳಿಯುತ್ತದೆ. ಪ್ರಬಂಧದ್ದು ಒಂದೇ ಪ್ರತಿ, ಮಾರ್ಗದರ್ಶಕರು ಸತ್ತು ಇಪ್ಪತ್ತು ವರ್ಷ. ಗುರುದೇವಿ ಕಿಟಕಿಯ ಹತ್ತಿರ ನಿಂತು ಅದನ್ನೇ ಉರುಹೊಡೆದಳು. ಆದರೆ ಆ ಹಾಸ್ಟೆಲ್ಲಿನ ಕೋಣೆಯಲ್ಲಿ ಇನ್ನೂ ಇಬ್ಬರಿದ್ದರು. ಆ ವಾರ ಅವರೂ ಕೋಷ್ಟಕ ತುಂಬುತ್ತಿದ್ದರು. ಒಬ್ಬಳು ಮಣ್ಣಿನದು, ಒಬ್ಬಳು ರಕ್ತಹೀನತೆಯದು. ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು: ಯಾರು ಓದ್ತಾರ ಬಿಡs. ಅಂಥ ಕೋಣೆಗಳು ದೇಶದಲ್ಲಿ ಎಷ್ಟಿದ್ದವು? ಎಷ್ಟು ಹಸಿರು ದೀಪಗಳ ಬುಡದಲ್ಲಿ ತುಂಬದ ಬಾಟ್ಲಿಗಳಿವೆ? ಬುಧವಾರ ಅವಳು ಸಹಿ ಹಾಕಿದರೆ, ಅವನ್ನು ಇನ್ನು ಯಾರೂ ಯಾವತ್ತೂ ಅಳೆಯುವುದಿಲ್ಲ.

ಮರುದಿನ ಬೆಳಿಗ್ಗೆ ಅವಳು ಪ್ರಯೋಗಾಲಯದಿಂದ ಒಂದು ಖಾಲಿ ಬಾಟ್ಲಿ ತೆಗೆದುಕೊಂಡು ಕರಿಮಡ್ಡಿಯ ಬಸ್ಸು ಹತ್ತಿದಳು. ಕುಲಪತಿಗಳು ಕಾರು ಕಳಿಸುತ್ತೇನೆ ಎಂದರೂ ಒಲ್ಲೆನೆಂದಳು. ಹಳ್ಳಕ್ಕೆ ಈಗ ಎತ್ತರದ ಸೇತುವೆ ಬಂದಿತ್ತು. ಕೆಳಗೆ ನೀರು ಮೊಣಕಾಲುದ್ದವೂ ಇರಲಿಲ್ಲ. ಇಷ್ಟೇ ದೂರ, ಇಷ್ಟೇ ಹೊತ್ತು. ಒಂದು ದಿನ ಕಾದಿದ್ದರೆ ಇಳಿದುಹೋಗುತ್ತಿದ್ದ ನೀರು.

ಬೋರು ನಿಜವಾಗಿಯೂ ಹುಸೇನಬಿಯ ಮನೆಯ ಎದುರಿಗೇ ಇತ್ತು. ಕಟ್ಟೆಯ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಹೊಸಬರನ್ನು ಕಂಡು ನಕ್ಕಳು. ನಕ್ಕದ್ದು ನೆನಪಾಗಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳೇ ಮುಬೀನಾ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಹುಸೇನಬಿ ಚಹಾದ ಕಪ್ಪು ಹಿಡಿದು ಹೊರಗೆ ಬಂದಳು. "ಬರ್ರಿ ಅಕ್ಕೋರ, ಮೂವತ್ತೈದು ವರ್ಷದ ಮ್ಯಾಲೆ ಮತ್ತ ಬಂದ್ರಿ!"

"ಮತ್ತ ಅಲ್ಲ ಹುಸೇನಬೀ," ಎಂದಳು ಗುರುದೇವಿ. "ಇವತ್ತs ಮೊದಲು. ನಾ ಆಗ ಬಂದಿರಲಿಲ್ಲ. ಹಳ್ಳ ಬಂದಿತ್ತು, ಬಸ್ಸು ತಿರುಗಿತು. ನಿಮ್ಮೂರ ನೀರಿನ ಲೆಕ್ಕಾ ನಾನು ಕೂತಲ್ಲೇ ಬರದೆ. ಹೊನಗುಡೀದು ನೋಡಿ ಬರದೆ. ನಿನ್ನೆ ನೆನಪಿಲ್ಲ ಅಂದದ್ದೂ ಸುಳ್ಳು."

ಹುಸೇನಬಿ ನಿಂತಲ್ಲೇ ನಿಂತಳು. ಅವಳ ಮುಖ ಮೊದಲು ಅರ್ಥವಾಗದವರ ಹಾಗಿತ್ತು, ಆಮೇಲೆ ಅರ್ಥವಾಯಿತು.

"ನಾ ಮೂರು ಅರ್ಜಿ ಬರದ್ನಲ್ಲರೀ," ಎಂದಳು ಮೆಲ್ಲಗೆ. ಆಮೇಲೆ ದನಿ ಏರಿತು. "ಮೂರು ಅರ್ಜಿ! ನಿಮ್ಮ ಅಂಕಿ ಮುಂದ ನನ್ನ ಮೊಮ್ಮಗಳ ಕಾಲು ಸುಳ್ಳಾತು. ಸಾಲಿ ಮಾಸ್ತರು ಸುಳ್ಳಾದ್ರು. ನಾ ಸುಳ್ಳಿ ಅಂತ ನಮ್ಮ ಓಣ್ಯಾಗ ಅನಿಸಿಕೊಂಡೆ, ಮುದುಕಿಗೆ ತಲಿ ಕೆಟ್ಟೈತಿ ಅಂದ್ರು. ಖರೇ ಅಂತ ಎಲ್ಲಾರೂ ನಂಬಿದ್ದು ಬಂದs ಇರಲಾರದವರ ಮಾತು! ನಿಮಗ ಒಂದು ದಿನದ ಕೆಲಸ ಉಳೀತು ಅಕ್ಕೋರ. ಈ ಕೂಸಿಗೆ ಏನು ಉಳೀತು?"

ಗುರುದೇವಿ ತಲೆ ತಗ್ಗಿಸಿ ನಿಂತಳು. ಕ್ಷಮೆ ಕೇಳುವ ಮಾತು ಸಿದ್ಧಮಾಡಿಕೊಂಡು ಬಂದಿದ್ದಳು, ಆ ಮುಖದೆದುರು ಅದನ್ನು ಆಡಲು ನಾಚಿಕೆಯಾಯಿತು. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

ಹುಸೇನಬಿ ಕಪ್ಪನ್ನು ಕಟ್ಟೆಯ ಮೇಲಿಟ್ಟು ಕೈ ಚಾಚಿದಳು. "ಬಾಟ್ಲಿ ಕೊಡ್ರಿಲ್ಲೆ." ಬೋರಿನ ನೀರಲ್ಲಿ ಅದನ್ನು ಮೂರು ಸಲ ಗಲಬರಿಸಿ ತೊಳೆದು, ತಿರುಗಿ ಗುರುದೇವಿಯ ಕೈಗೆ ಕೊಟ್ಟಳು. "ತುಂಬ್ರಿ. ನೀವs ತುಂಬ್ರಿ. ನಾ ನೋಡ್ತೀನಿ."

ಆ ನೀರಿನಲ್ಲಿ ಫ್ಲೋರೈಡ್ 4.6 ಇತ್ತು. ಮಿತಿ ಒಂದೂವರೆ.

ಬುಧವಾರ ಸಮಿತಿಯ ಮುಂದೆ ಗುರುದೇವಿ ತನ್ನ ಹೇಳಿಕೆಯನ್ನು ಓದಲಿಲ್ಲ. ಪ್ರಬಂಧ 3307ನ್ನು ಎತ್ತಿ ಹಿಡಿದು, ನಡೆದದ್ದನ್ನು ಹೇಳಿದಳು. ಮಾತೊಂದು ಎಲ್ಲಿ ಹುಟ್ಟಿತೆಂದು ನನ್ನ ಯಂತ್ರ ಬಲ್ಲದು, ಹುಟ್ಟಿಸಿದವರು ಅಲ್ಲಿಗೆ ಹೋಗಿದ್ದರೇ ಎಂದು ಅದಕ್ಕೆ ತಿಳಿಯದು ಎಂದಳು. ದೇಶದ ನಿಯಮದ ಮಾತು ಅಲ್ಲಿಗೇ ನಿಂತಿತು, ರಾಜ್ಯದ್ದನ್ನೂ ಹಿಂದಕ್ಕೆ ಪಡೆದರು. ವಿಶ್ವವಿದ್ಯಾಲಯ ವಿಚಾರಣೆ ಮಾಡಿ ಅವಳ 2026ರ ಪದವಿಯನ್ನು ರದ್ದುಮಾಡಿತು. ನಿರ್ದೇಶಕಿಯ ಹುದ್ದೆಗೆ ಅವಳೇ ರಾಜೀನಾಮೆ ಕೊಟ್ಟಳು. ಊರಲ್ಲಿ ಕೆಲವರು ಹೊಗಳಿದರು, ಹೆಚ್ಚಿನವರು ಉಗಿದರು. ಕರಿಮಡ್ಡಿಗೆ ತಿಂಗಳೊಳಗೆ ಬೇರೆ ನೀರು ಬಂತು. ಮುಬೀನಾಳ ಕಾಲಿಗೆ ಪಟ್ಟಿ ಕಟ್ಟಿದರು. ಬೆಳೆಯುವ ವಯಸ್ಸು, ಸರಿಹೋಗಬಹುದು ಎಂದರು ಡಾಕ್ಟರು. ಹಲ್ಲಿನ ಗೆರೆ ಮಾತ್ರ ಹೋಗುವುದಿಲ್ಲ ಎಂದರು.

ಹುದ್ದೆ ಬಿಡುವ ಮೊದಲು ಗುರುದೇವಿ ತಾಯಿಬೇರಿಗೆ ಒಂದೇ ಒಂದು ಬದಲಾವಣೆ ಮಾಡಿದಳು. ದೀಪದ ಬಣ್ಣ ತೆಗೆದುಹಾಕಿ ಎರಡು ಸಂಖ್ಯೆ ತೋರಿಸುವಂತೆ ಮಾಡಿದಳು: ಈ ಮಾತು ಹೇಳಿದವರು ಎಷ್ಟು, ಮೂಲಕ್ಕೆ ಹೋಗಿ ಕಂಡವರು ಎಷ್ಟು. ಎರಡನೆಯ ಸಂಖ್ಯೆ ಇನ್ನು ಎಲ್ಲ ಗ್ರಂಥಾಲಯಗಳಲ್ಲೂ ಅಂಟಿಸುವ ಕಂಡವರ ಚೀಟಿಗಳಿಂದ ಬರಬೇಕು. ಮೊದಲ ದಿನ ಬಿಲ್ಲೆ ಹಿಡಿದವರೆಲ್ಲ ದಂಗಾದರು. ಹೇಳಿದವರು ಎಂಟು ಸಾವಿರ, ಕಂಡವರು ಸೊನ್ನೆ. ಹೇಳಿದವರು ಎರಡು ಲಕ್ಷ, ಕಂಡವರು ಸೊನ್ನೆ. ಹೆಚ್ಚುಕಡಿಮೆ ಎಲ್ಲೆಲ್ಲೂ ಸೊನ್ನೆ. ಆ ಸೊನ್ನೆಗಳನ್ನು ಬೇರಿನ ವರ್ಷದ ಪ್ರಕಾರ ಜೋಡಿಸಿದಾಗ ಅತಿ ಹೆಚ್ಚು ಬಂದದ್ದು 2020ರ ದಶಕದಿಂದ. ಬರೆಯುವ ಯಂತ್ರಗಳು ಆಗತಾನೇ ಕೈಗೆ ಬಂದಿದ್ದ, ಎಲ್ಲರಿಗೂ ಅವಸರವಿದ್ದ, ಯಾರು ಓದುತ್ತಾರೆ ಬಿಡು ಎನ್ನುತ್ತಿದ್ದ ಕಾಲ ಅದು.

ಜನ ಮೆಲ್ಲಗೆ ಗ್ರಂಥಾಲಯಗಳಿಗೆ ತಿರುಗಿ ಬಂದರು. ಸುಮ್ಮನೆ ಬಂದವರೂ ಇದ್ದರು, ಹೆದರಿ ಬಂದವರೂ ಇದ್ದರು. ಬೆಣ್ಣಿಹಳ್ಳದಲ್ಲಿ ರವಿವಾರದ ಪಾಠ ಮತ್ತೆ ಶುರುವಾಯಿತು. ಪಾಠ ಹೇಳುವವಳು ಹುಸೇನಬಿ ನದಾಫ. ಮೂರು ಪ್ರಶ್ನೆಗಳನ್ನು ಅವಳು ಅಡುಗೆಯ ಮಾತಿನಲ್ಲಿ ಹೇಳಿಕೊಡುತ್ತಿದ್ದಳು. ಬೇಳೆ ಬೇಗ ಬೆಂದದ್ದನ್ನೂ ಅನ್ನ ಹಳದಿಯಾದದ್ದನ್ನೂ ಎಂದೂ ಬಿಡುತ್ತಿರಲಿಲ್ಲ. ಕೊನೆಯ ಬೆಂಚಿನಲ್ಲಿ ಹೊಸ ಊರವರ ಕಾರ್ಡು ಹಿಡಿದು ಗುರುದೇವಿ ಕೂಡುತ್ತಿದ್ದಳು. ಇಬ್ಬರ ನಡುವೆ ಮಾತು ಕಡಿಮೆಯೇ ಇತ್ತು.

ಒಂದು ರವಿವಾರ ಪಾಠ ಮುಗಿದ ಮೇಲೆ ಹುಸೇನಬಿ 3307ನ್ನು ತಂದು ಅವಳ ಮುಂದಿಟ್ಟಳು. ಹಿಂದಿನ ರಟ್ಟು ತೆರೆದು ಚೀಟಿ ತೋರಿಸಿದಳು. ತನ್ನ ಸಹಿಯ ಕೆಳಗೆ ಈಗ ಇನ್ನೂ ಹದಿನಾಲ್ಕು ಮಂದಿಯ ‘ಕಂಡೆ’ ಬಿದ್ದಿತ್ತು. ಎಲ್ಲರೂ ಕರಿಮಡ್ಡಿಯವರು.

"ನಿಮ್ಮದೊಂದು ಉಳದೈತ್ರಿ," ಎಂದಳು.

ಗುರುದೇವಿ ಪೆನ್ನು ತೆಗೆದಳು. ಖಾಲಿ ಸಾಲಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಳು: ‘ನಾನು ಕಂಡಿರಲಿಲ್ಲ.’ ಕೆಳಗೆ ಸಹಿ ಹಾಕಿದಳು.

ಹುಸೇನಬಿ ಓದಿ ತಲೆಯಾಡಿಸಿದಳು. "ತಾರೀಖು ಹಾಕ್ರಿ."

"ಇವತ್ತಿಂದು?"

"ಇವತ್ತಿಂದ್ಯಾಕ್ರಿ? ಆ ಅಂಕಿ ಬರದದ್ದು ಯಾವಾಗ, ಆ ದಿನದ್ದು."

ಗುರುದೇವಿ ದಿನ ಬರೆದಳು, ತಿಂಗಳು ಬರೆದಳು. ಆಮೇಲೆ ವರ್ಷ ಬರೆದಳು: 2026.